ನಡೆಯುತ್ತಿರುವ ಕೋಡನ್ನು ಕಿತ್ತೆಸೆಯಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ, ಧಾರವಾಡದ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನ ಓದುತ್ತಿರುವವರನ್ನೂ, ಓದು ಮುಗಿಸಿ ಇಲ್ಲಿಯೇ ಸಣ್ಣ ಸಾಫ್ಟ್‌ವೇರ್ ಕಂಪನಿ ಕಟ್ಟಲು ಹೊರಟಿರುವ ತರುಣರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ನಾನು ಹೇಳಬೇಕಾದದ್ದು ಒಂದೇ: ನಡೆಯುತ್ತಿರುವ ಕೋಡನ್ನು, ಎಂದರೆ ಕಂಪ್ಯೂಟರಿಗೆ ಕೆಲಸ ಹೇಳಲು ಬರೆದಿಟ್ಟ ಸಾಲುಗಳನ್ನು, ಕಿತ್ತೆಸೆದು ಮೊದಲಿನಿಂದ ಬರೆಯಲು ಹೋಗಬೇಡಿ.

ಈ ಮಾತನ್ನು ಗಟ್ಟಿಯಾಗಿ ಹೇಳಿದವರು ಜೋಯಲ್ ಸ್ಪೋಲ್ಸ್ಕಿ. ಮೈಕ್ರೋಸಾಫ್ಟ್‌ನ ಎಕ್ಸೆಲ್ ತಂಡದಲ್ಲಿ ದುಡಿದು, 2000ದಲ್ಲಿ ನ್ಯೂಯಾರ್ಕಿನಲ್ಲಿ ಫಾಗ್ ಕ್ರೀಕ್ ಎಂಬ ಕಂಪನಿಯನ್ನು ಕಟ್ಟಿ, 2008ರಲ್ಲಿ ಜೆಫ್ ಅಟ್‌ವುಡ್ ಅವರೊಡನೆ, ಕೋಡ್ ಬರೆಯುವವರು ಪ್ರಶ್ನೆ ಕೇಳಿ ಉತ್ತರ ಪಡೆಯುವ ಸ್ಟ್ಯಾಕ್ ಓವರ್‌ಫ್ಲೋ ಜಾಲತಾಣವನ್ನು ಆರಂಭಿಸಿದವರು ಅವರು. ಅವರು ಕೊಟ್ಟ ಉದಾಹರಣೆ, ಜಾಲತಾಣಗಳನ್ನು ನೋಡಲು ಬಳಸುತ್ತಿದ್ದ ನೆಟ್‌ಸ್ಕೇಪ್ ಎಂಬ ಬ್ರೌಸರ್. ಆ ಬ್ರೌಸರಿನ ನಾಲ್ಕನೆಯ ಆವೃತ್ತಿ 1997ರಲ್ಲಿ ಬಂದಿತ್ತು. ಆಮೇಲೆ ಎಲ್ಲವನ್ನೂ ಹೊಸದಾಗಿ ಬರೆಯಲು ಕುಳಿತದ್ದರಿಂದ ಐದನೆಯದು ಹೊರಬರಲೇ ಇಲ್ಲ, ಆರನೆಯದು ಬರುವಾಗ 2000ದ ನವೆಂಬರ್ ಆಗಿತ್ತು. ಅಷ್ಟರೊಳಗೆ ಬಳಕೆದಾರರಲ್ಲಿ ಬಹುಪಾಲು ಜನ ಮೈಕ್ರೋಸಾಫ್ಟ್‌ನ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಡೆ ಸರಿದಿದ್ದರು.

ಅಷ್ಟು ದೂರದ ಮಾತು ನಮಗೇಕೆ ಎನ್ನುವಿರಾದರೆ ಬ್ಯಾಡಗಿಗೆ ಬನ್ನಿ. ಅಲ್ಲಿಯ ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಹಳೆಯ ಲೆಕ್ಕದ ಸಾಫ್ಟ್‌ವೇರ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ತರುಣ ಇಂಜಿನಿಯರುಗಳು, ‘ಸರ್, ಇದು ಕಸ, ಎಲ್ಲವನ್ನೂ ಹೊಸದಾಗಿ ಬರೆಯುತ್ತೇವೆ’ ಎಂದು ಸಲಹೆ ಕೇಳಲು ನನ್ನಲ್ಲಿಗೆ ಬಂದರು. ಕಸವೆಂದು ಅವರು ತೋರಿಸಿದ್ದು ಹತ್ತಾರು ಸಾಲುಗಳ ಒಂದು ತುಣುಕನ್ನು. ರೈತನ ಹೆಸರು, ತಂದೆಯ ಹೆಸರು, ಊರು ಮೂರೂ ಒಂದೇ ಆಗಿದ್ದರೂ ಆ ತುಣುಕು ಎರಡು ಖಾತೆಗಳನ್ನು ಕೂಡಿಸದೆ, ಬೇರೆ ಬೇರೆ ಲೆಕ್ಕಪಟ್ಟಿ ಮುದ್ರಿಸುತ್ತಿತ್ತು. ಏಕೆಂದು ಎಲ್ಲಿಯೂ ಬರೆದಿರಲಿಲ್ಲ. ಅಂಗಡಿಗೇ ಹೋಗಿ ಹಿರಿಯ ಗುಮಾಸ್ತರನ್ನು ಕೇಳಿದೆವು. ಅವರು ದಪ್ಪ ಖಾತೆ ಪುಸ್ತಕ ತೆರೆದು, ಒಂದರ ಕೆಳಗೊಂದು ಇದ್ದ ಎರಡು ಹೆಸರುಗಳ ಮೇಲೆ ಬೆರಳಿಟ್ಟರು: ‘ಒಂದ ಊರಾಗ ಇಬ್ರು ಬಸಪ್ಪ ಇರ್ತಾರ್ರೀ, ಇಬ್ರ ಅಪ್ಪನ ಹೆಸರೂ ಈರಪ್ಪನ. ಒಬ್ಬನ ರೊಕ್ಕ ಇನ್ನೊಬ್ಬಗ ಹೋದ್ರ ಯಾರು ಕೊಡವ್ರು?’ ಹಿಂದೊಮ್ಮೆ ಹಾಗೆಯೇ ಆಗಿ ಜಗಳವೆದ್ದಾಗ ಯಾರೋ ಕೂತು ಆ ಸಾಲುಗಳನ್ನು ಸೇರಿಸಿದ್ದರು.

ಹಳೆಯ ಕೋಡಿನಲ್ಲಿ ವಿಕಾರವಾಗಿ ಕಾಣುವ ಸಾಲುಗಳಲ್ಲಿ ಎಷ್ಟೋ ಸಾಲುಗಳು ಇಂಥವು. ಇನ್ನೊಬ್ಬರ ಕೋಡನ್ನು ಓದುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟ. ಆ ಕಷ್ಟವನ್ನೇ ನಾವು ಕೋಡಿನ ದೋಷವೆಂದು ತಿಳಿಯುತ್ತೇವೆ ಎಂಬುದು ಸ್ಪೋಲ್ಸ್ಕಿಯವರ ವಾದ. ಓದುವ ತಾಳ್ಮೆಯಿಲ್ಲದೆ ‘ಕಸ’ ಎನ್ನುವವರನ್ನು ಕಂಡರೆ, ಕ್ಷಮಿಸಿ, ನನಗೆ ಸಹನೆ ಉಳಿಯುವುದಿಲ್ಲ. ಮೊದಲು ಓದಿ, ಬಳಸುವವರನ್ನು ಕೇಳಿ, ಆಮೇಲೆ ಕೈಹಚ್ಚಿ.

ಸಮಯ ಮುಗಿಯುತ್ತ ಬಂದಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಸಾಫ್ಟ್‌ವೇರ್ ತಂಡದ ಗುಣಮಟ್ಟ ಅಳೆಯಲು ಸ್ಪೋಲ್ಸ್ಕಿಯವರು 2000ದಲ್ಲಿ ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ 12 ಪ್ರಶ್ನೆಗಳನ್ನು ಕೊಟ್ಟರು. ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇದೆಯೇ, ಒಂದೇ ಹೆಜ್ಜೆಯಲ್ಲಿ ಬಿಲ್ಡ್ ಆಗುತ್ತದೆಯೇ (ಎಂದರೆ ಬರೆದ ಕೋಡಿನಿಂದ ಬಳಕೆಗೆ ಸಿದ್ಧವಾದ ಸಾಫ್ಟ್‌ವೇರ್ ತಯಾರಾಗುತ್ತದೆಯೇ), ದಿನವೂ ಬಿಲ್ಡ್ ಮಾಡುತ್ತೀರಾ, ಹೊಸ ಕೋಡ್ ಬರೆಯುವ ಮೊದಲು ಇರುವ ದೋಷಗಳನ್ನು ತಿದ್ದುತ್ತೀರಾ ಎಂಬವು ಅವುಗಳಲ್ಲಿ ಕೆಲವು. ಈ ನಾಲ್ಕಕ್ಕೆ ಹೌದೆನ್ನುವ ತಂಡ, ಗ್ರಾಹಕರ ಕೆಲಸ ಒಂದು ದಿನವೂ ನಿಲ್ಲದಂತೆ, ಹಳೆಯ ಕೋಡನ್ನು ಒಂದೊಂದೇ ಭಾಗವಾಗಿ ಹಸನು ಮಾಡಿಕೊಳ್ಳಬಹುದು. ನಮಸ್ಕಾರ.