ಡೆನಿಮ್ ಎಷ್ಟು ಬಾಗುತ್ತದೆ? ಕಂಪ್ಯೂಟರಿಗೆ ಹೇಳಬೇಕಾದವರು ನೀವು

ನಮಸ್ಕಾರ ಕೇಳುಗರೇ.

ಬಳ್ಳಾರಿಯ ಕೌಲ್ ಬಜಾರಿನ ಸಂದುಗಳಲ್ಲಿ, ಮುಂಡರಗಿಯ ಶೆಡ್ಡುಗಳಲ್ಲಿ, ಮನೆಯ ಪಡಸಾಲೆಯಲ್ಲೇ ಎರಡು ಮಿಷನ್ ಹಾಕಿಕೊಂಡು ಜೀನ್ಸ್ ಹೊಲಿಯುವ ಅಣ್ಣಂದಿರು, ಅಕ್ಕಂದಿರು, ಕಟಿಂಗ್ ಮಾಸ್ತರುಗಳು, ಈಗೀಗ ಕಂಪ್ಯೂಟರ್ ಮುಂದೆ ಕೂತು ಪ್ಯಾಟರ್ನ್ ಮಾಡುವುದನ್ನು ಕಲಿಯುತ್ತಿರುವ ಹುಡುಗ ಹುಡುಗಿಯರು, ಇವತ್ತಿನ ಮಾತು ನಿಮ್ಮ ಜೊತೆ. ರೇಡಿಯೋ ಹಚ್ಚಿಕೊಂಡೇ ಕೆಲಸ ಮುಂದುವರಿಸಿ. ನಡುವೆ ಕೆಲವು ಅಂಕಿ ಬರುತ್ತವೆ, ಅದಕ್ಕೊಂದು ಚೀಟಿ ಪೆನ್ನು ಹತ್ತಿರ ಇಟ್ಟುಕೊಳ್ಳಿ.

ಸ್ಯಾಂಪಲ್ ಹೊಲಿಯುವ ಮೊದಲೇ ಪರದೆಯ ಮೇಲೆ ಪ್ಯಾಂಟನ್ನು ಒಂದು ಗೊಂಬೆಗೆ ತೊಡಿಸಿ ನೋಡುವ ತಂತ್ರಾಂಶಗಳು ಬಂದಿವೆ. ಕ್ಲೋ ಇದೆ, ಮಾರ್ವಲಸ್ ಡಿಸೈನರ್ ಇದೆ, ಇವಕ್ಕೆ ದುಡ್ಡು ಕೊಡಬೇಕು. ಬ್ಲೆಂಡರ್ ಇದೆ, ಅದು ಪುಕ್ಕಟೆ. ಪ್ಯಾಟರ್ನ್ ಹಾಕಿ, ಹೊಲಿಗೆ ಗುರುತು ಮಾಡಿ, ಗುಂಡಿ ಒತ್ತಿದರೆ ಪ್ಯಾಂಟು ಗೊಂಬೆಯ ಮೈಮೇಲೆ ಬಂದು ಕೂಡುತ್ತದೆ. ನೋಡಲು ಚೆಂದ. ಆದರೆ ಅದೇ ಪ್ಯಾಂಟು ಹೊಲಿದು ಬಂದಾಗ ಮೊಣಕಾಲ ಹಿಂದಿನ ಸುಕ್ಕು ಬೇರೆ, ಕಾಲ ಬುಡದಲ್ಲಿ ಬೀಳುವ ಮಡಿಕೆ ಬೇರೆ, ತೊಡೆಯ ಹತ್ತಿರದ ಸಡಿಲು ಬೇರೆ. ಆಗ ಎಲ್ಲರೂ ತಂತ್ರಾಂಶವನ್ನು ಬೈಯುತ್ತಾರೆ. ತಪ್ಪು ತಂತ್ರಾಂಶದ್ದಲ್ಲ. ನಿಮ್ಮ ಬಟ್ಟೆ ಎಷ್ಟು ಬಾಗುತ್ತದೆ ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ. ಅಳೆದು ಹೇಳಬೇಕಾದವರು ನೀವು. ಇವತ್ತು ಈ ಒಂದೇ ಮಾತನ್ನು ಹತ್ತು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕಂಪ್ಯೂಟರ್ ಬಟ್ಟೆಯನ್ನು ಹೇಗೆ ನೋಡುತ್ತದೆ? ಅದಕ್ಕೆ ನೂಲು ಕಾಣುವುದಿಲ್ಲ. ಬಟ್ಟೆಯನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಕತ್ತರಿಸಿಕೊಳ್ಳುತ್ತದೆ. ಮೀನಿನ ಬಲೆಯ ಹಾಗೆ ಅಂದುಕೊಳ್ಳಿ, ಗಂಟಿದ್ದ ಕಡೆ ಒಂದು ಚುಕ್ಕೆ. ಚುಕ್ಕೆಯಿಂದ ಚುಕ್ಕೆಗೆ ಒಂದು ಸ್ಪ್ರಿಂಗು, ಅದು ಎಳೆತದ ಲೆಕ್ಕ. ಪಕ್ಕ ಪಕ್ಕದ ಎರಡು ತ್ರಿಕೋನಗಳ ನಡುವೆ ಬಾಗಿಲಿಗೆ ಇರುವಂಥ ಒಂದು ಕೀಲು, ಅದು ಬಾಗುವಿಕೆಯ ಲೆಕ್ಕ. ಕೀಲು ಬಿಗಿಯಾಗಿದ್ದರೆ ಬಟ್ಟೆ ರಟ್ಟಿನಂತೆ ನಿಲ್ಲುತ್ತದೆ, ಸಡಿಲವಾಗಿದ್ದರೆ ರೇಷ್ಮೆಯಂತೆ ಇಳಿಯುತ್ತದೆ. ತಂತ್ರಾಂಶದಲ್ಲಿ ಬೆಂಡಿಂಗ್ ಎಂದು ಬರೆದಿರುವುದು ಈ ಕೀಲಿನ ಬಿಗಿಯನ್ನೇ.

ಬ್ಲೆಂಡರಿನಲ್ಲಿ ಸಿದ್ಧ ಪಟ್ಟಿ ಇದೆ. ರೇಷ್ಮೆ ಎಂದು ಒತ್ತಿದರೆ ಬೆಂಡಿಂಗ್ 0.05, ಹತ್ತಿ ಎಂದರೆ 0.5, ಡೆನಿಮ್ ಎಂದರೆ 10. ಯಾವ ಡೆನಿಮ್? ಗಂಜಿ ಇರುವುದೋ, ವಾಷಿಂಗ್ ಆದದ್ದೋ? ಒಂದು ಚದರ ಗಜಕ್ಕೆ 14 ಔನ್ಸ್ ತೂಗುವುದೋ, ಲೈಕ್ರಾ ಬೆರೆತ 9 ಔನ್ಸಿನದೋ? ಪಟ್ಟಿಗೆ ಅದೆಲ್ಲ ಬೇಕಾಗಿಲ್ಲ. ನಿಮಗೆ ಬೇಕು. ವಾಷಿಂಗ್ ಯೂನಿಟ್ಟಿನಿಂದ ಹೊರಬಂದ ಬಟ್ಟೆಯನ್ನೂ ಥಾನಿನಿಂದ ಬಿಚ್ಚಿದ ಬಟ್ಟೆಯನ್ನೂ ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ನಮ್ಮ ಮಾಸ್ತರುಗಳಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಬೆರಳಿಗೆ ಗೊತ್ತಾಗುವ ಈ ವ್ಯತ್ಯಾಸವನ್ನು ಅಂಕಿಗೆ ತಂದವರ ಕಥೆ ಹೇಳಲೇಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿಗೆ ಹೆಸರಾದ ಊರು. ಅಲ್ಲಿ ಹತ್ತಿ ಉದ್ಯಮದವರೇ ಸೇರಿ ಒಂದು ಸಂಶೋಧನಾ ಸಂಸ್ಥೆ ಕಟ್ಟಿದರು. ಅದರ ಕಟ್ಟಡ ಕೊಳ್ಳಲು ದುಡ್ಡು ಕೊಟ್ಟ ವಿಲಿಯಂ ಗ್ರೀನ್‌ವುಡ್ ಎಂಬವರು ತಮ್ಮ ಮಗಳ ಹೆಸರಿಡಿ ಎಂದರು. ಮಗಳ ಹೆಸರು ಶರ್ಲಿ. ಹಾಗಾಗಿ ಶರ್ಲಿ ಇನ್‌ಸ್ಟಿಟ್ಯೂಟ್. ಇವತ್ತಿಗೂ ಬಟ್ಟೆಯ ಪ್ರಯೋಗಾಲಯಗಳಲ್ಲಿ ಶರ್ಲಿ ಟೆಸ್ಟರ್ ಅನ್ನುತ್ತಾರಲ್ಲ, ಅದು ಒಬ್ಬ ಹೆಣ್ಣುಮಗಳ ಹೆಸರು. ಅಲ್ಲಿ ಪಿಯರ್ಸ್ ಎಂಬ ವಿಜ್ಞಾನಿ ಇದ್ದರು. ಆಗ ಬಟ್ಟೆ ಕೊಳ್ಳುವವರು ನಮ್ಮ ಹಾಗೆಯೇ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆ ಉಜ್ಜಿ, ಇದು ಗಡಸು, ಇದು ಮೆತ್ತಗೆ, ಇದು ಗರಿಗರಿ ಎಂದು ಬೆಲೆ ಕಟ್ಟುತ್ತಿದ್ದರು. ಒಬ್ಬರ ಬೆರಳಿಗೆ ಗಡಸಾದದ್ದು ಇನ್ನೊಬ್ಬರ ಬೆರಳಿಗೆ ಮೆತ್ತಗೆ. ಈ ಮುಟ್ಟುವಿಕೆಯನ್ನೇ ಅಳೆಯಬಹುದು ಎಂದು ಪಿಯರ್ಸ್ 1930ರಲ್ಲಿ ಬರೆದರು. ಅದಕ್ಕೆ ಅವರು ದೊಡ್ಡ ಯಂತ್ರವನ್ನೇನೂ ಕೇಳಲಿಲ್ಲ. ಬಟ್ಟೆಯ ಒಂದು ಪಟ್ಟಿಯನ್ನು ಮೇಜಿನ ಅಂಚಿನಿಂದ ಹೊರಗೆ ತಳ್ಳಿದರು. ಹೊರಗೆ ಚಾಚಿದ ತುದಿ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಇಂತಿಷ್ಟು ಕೋನಕ್ಕೆ ಬಾಗುವ ಹೊತ್ತಿಗೆ ಎಷ್ಟು ಉದ್ದ ಹೊರಗೆ ಬಂದಿತ್ತು? ಅಷ್ಟೇ ಪ್ರಶ್ನೆ. ಆ ಕೋನ 41.5 ಡಿಗ್ರಿ. ಯಾಕೆ ಈ ವಿಚಿತ್ರ ಅಂಕಿ? ಆ ಕೋನದಲ್ಲಿ ಅವರ ಸೂತ್ರ ಸಲೀಸಾಗುತ್ತದೆ. ಹೊರಗೆ ಚಾಚಿದ ಉದ್ದದ ಸರಿಸುಮಾರು ಅರ್ಧವೇ ಉತ್ತರ. ಆ ಅರ್ಧಕ್ಕೆ ಬೆಂಡಿಂಗ್ ಲೆಂಗ್ತ್ ಎಂದು ಹೆಸರು. ಸುಮಾರು ನೂರು ವರ್ಷವಾಗುತ್ತ ಬಂತು, ಇಂದಿಗೂ ಲ್ಯಾಬುಗಳಲ್ಲಿ ಇದೇ ಪಟ್ಟಿ, ಇದೇ ಕೋನ. ಒಂದು ಪಟ್ಟಿ ಬಟ್ಟೆ, ಒಂದು ಇಳಿಜಾರು, ಒಂದು ಸ್ಕೇಲು! ಇದಕ್ಕಿಂತ ಸೊಗಸಾದ ಪ್ರಯೋಗ ಬಟ್ಟೆಯ ವಿದ್ಯೆಯಲ್ಲಿ ಇನ್ನೊಂದಿಲ್ಲ.

ಇದನ್ನು ನಿಮ್ಮ ಕಟಿಂಗ್ ಮೇಜಿನ ಮೇಲೆ ಮಾಡಬಹುದು. ಪ್ಲೈವುಡ್ಡಿನಲ್ಲಿ ಇಳಿಜಾರು ಮಾಡಿಸಿ. ಕೋನಮಾಪಕ ಬೇಡ. ಮೇಜಿನ ಅಂಚಿನಿಂದ ಅಡ್ಡಕ್ಕೆ 20 ಸೆಂಟಿಮೀಟರ್ ಹೋದಾಗ ಕೆಳಕ್ಕೆ 17.7 ಸೆಂಟಿಮೀಟರ್ ಇಳಿದಿರಬೇಕು, ಆಗ 41.5 ಡಿಗ್ರಿ ತಾನಾಗಿ ಬರುತ್ತದೆ. ಬಡಗಿಗೆ ಈ ಎರಡು ಅಂಕಿ ಸಾಕು.

ಬಟ್ಟೆಯ ಪಟ್ಟಿ 2.5 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದ. ಹಾಸು ಅಂದರೆ ಥಾನಿನ ಉದ್ದಕ್ಕೆ ಓಡುವ ನೂಲು, ಹೊಕ್ಕು ಅಂದರೆ ಅಡ್ಡ ನೂಲು. ಹಾಸಿನ ಉದ್ದಕ್ಕೆ ಮೂರು, ಹೊಕ್ಕಿನ ಉದ್ದಕ್ಕೆ ಮೂರು ಕತ್ತರಿಸಿ. ಥಾನಿನ ಅಂಚಿನಿಂದ ನಾಲ್ಕು ಬೆರಳು ಒಳಗೆ ಸರಿದು ಕತ್ತರಿಸಿ, ಅಂಚಿನ ಬಟ್ಟೆ ಗಡಸಾಗಿರುತ್ತದೆ. ಮಡಿಸಿದ ಗೆರೆ ಇರುವ ಜಾಗ ಬೇಡ. ಇಸ್ತ್ರಿ ಮಾಡಬೇಡಿ. ಹಿಂದಿನ ರಾತ್ರಿಯೇ ಕತ್ತರಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿಡಿ. ಲ್ಯಾಬಿನವರು ಗಾಳಿಯ ತೇವವನ್ನು ಶೇಕಡ 65ಕ್ಕೆ ಹಿಡಿದು ಅಳೆಯುತ್ತಾರೆ. ನಮ್ಮ ಬಿಸಿಲಿಗೆ ಅದು ಸಾಧ್ಯವಿಲ್ಲ, ಹತ್ತಿ ಒಣಗಿದರೆ ಗಡಸು, ತೇವವಾದರೆ ಮೆತ್ತಗೆ. ಅದಕ್ಕೇ ಎಲ್ಲ ಬಟ್ಟೆಯನ್ನೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ಅಳೆಯಿರಿ. ಇನ್ನು, ಗಿರಾಕಿ ತೊಡುವುದು ವಾಷಿಂಗ್ ಆದ ಪ್ಯಾಂಟು. ಅಳೆಯುವ ಬಟ್ಟೆಯೂ ವಾಷಿಂಗ್ ಆಗಿಯೇ ಬಂದಿರಬೇಕು. ಇದನ್ನೇ ಹೆಚ್ಚು ಜನ ಮರೆಯುವುದು.

ಈಗ ಫ್ಯಾನ್ ಆರಿಸಿ. ಸೆಖೆ ಆದರೂ ಆರಿಸಿ, ಗಾಳಿಗೆ ತುದಿ ಅಲ್ಲಾಡಿದರೆ ಅಳತೆ ಹಾಳು. ಪಟ್ಟಿಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಸ್ಟೀಲ್ ಸ್ಕೇಲು ಇಟ್ಟು, ಎರಡರ ತುದಿಯನ್ನೂ ಮೇಜಿನ ಅಂಚಿಗೆ ಸಮ ಮಾಡಿ. ಸ್ಕೇಲನ್ನು ನಿಧಾನವಾಗಿ ಮುಂದಕ್ಕೆ ತಳ್ಳಿ, ಬಟ್ಟೆ ಅದರ ಜೊತೆಗೇ ಬರುತ್ತದೆ. ತುದಿ ಇಳಿಜಾರನ್ನು ಮುಟ್ಟಿದ ಕ್ಷಣ ನಿಲ್ಲಿಸಿ, ಎಷ್ಟು ಹೊರಗೆ ಬಂತು ಓದಿ. ಒಂದು ಪಟ್ಟಿಗೆ ನಾಲ್ಕು ಸಲ: ಆ ತುದಿ, ಈ ತುದಿ, ನೀಲಿ ಮುಖ ಮೇಲೆ, ಬಿಳಿ ಮುಖ ಮೇಲೆ. ತುದಿ ತಿರುಚಿಕೊಂಡರೆ ಅಂಚನ್ನು ನೋಡಬೇಡಿ, ನಡುಭಾಗ ನೋಡಿ. ಎಲ್ಲದರ ಸರಾಸರಿ ತೆಗೆಯಿರಿ, ಹಾಸಿಗೆ ಬೇರೆ, ಹೊಕ್ಕಿಗೆ ಬೇರೆ.

ಬಟ್ಟೆಯ ತೂಕವೂ ಬೇಕು. 10 ಸೆಂಟಿಮೀಟರ್ ಚೌಕ ಕತ್ತರಿಸಿ, ಬಂಗಾರದ ಅಂಗಡಿಯಲ್ಲಿ ತೂಗಿಸಿ. 4.07 ಗ್ರಾಂ ಬಂದರೆ ಅದು 407 ಜಿಎಸ್‌ಎಂ, ಒಂದು ಚದರ ಮೀಟರಿಗೆ 407 ಗ್ರಾಂ, ಅಂದರೆ 12 ಔನ್ಸಿನ ಡೆನಿಮ್. ಜಿಎಸ್‌ಎಂ ಅನ್ನು ಹತ್ತರಿಂದ ಭಾಗಿಸಿದರೆ ಒಂದು ಚದರ ಸೆಂಟಿಮೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ, ಇಲ್ಲಿ 40.7.

ಈಗ ಲೆಕ್ಕ. ಪಟ್ಟಿ 6 ಸೆಂಟಿಮೀಟರ್ ಹೊರಗೆ ಬಂತು ಅನ್ನಿ. ಅರ್ಧ 3. ಮೂರು ಮೂರಲಿ ಒಂಬತ್ತು, ಒಂಬತ್ತು ಮೂರಲಿ 27. ಅದನ್ನು 40.7ರಿಂದ ಗುಣಿಸಿದರೆ ಸುಮಾರು 1,100. ಇದೇ ಬಟ್ಟೆಯ ಗಡಸುತನದ ಅಂಕಿ. ಅದೇ ತೂಕದ ಇನ್ನೊಂದು ಬಟ್ಟೆ 8 ಸೆಂಟಿಮೀಟರ್ ಬಂತು. ಅರ್ಧ 4, ನಾಲ್ಕರ ಘನ 64, ಗುಣಿಸಿದರೆ ಸುಮಾರು 2,600. ನೋಡಿ, ಹೊರಗೆ ಬಂದದ್ದು ಎರಡೇ ಸೆಂಟಿಮೀಟರ್ ಹೆಚ್ಚು, ಗಡಸುತನ ಎರಡು ಪಟ್ಟನ್ನೂ ದಾಟಿತು! ಅಂದಾಜಿನ ಮೇಲೆ ಅಂಕಿ ಹಾಕುವವರು ಎಡವುವುದು ಇಲ್ಲಿಯೇ. ನಿಮ್ಮ ಬಟ್ಟೆ ಎಷ್ಟು ಬಾಗುತ್ತದೆ ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ, ಅಳೆದು ಹೇಳಬೇಕಾದವರು ನೀವು.

ಹೇಳುವುದು ಹೇಗೆ? ಈ 1,100ನ್ನು ತೆಗೆದುಕೊಂಡು ಹೋಗಿ ಬೆಂಡಿಂಗ್ ಮನೆಯಲ್ಲಿ ಬರೆಯಬೇಡಿ. ತಂತ್ರಾಂಶದ ಅಂಕಿ ಬೇರೆ, ಲ್ಯಾಬಿನ ಅಂಕಿ ಬೇರೆ. ಲ್ಯಾಬಿನ ಅಂಕಿ ಒಂದು ಥಾನನ್ನು ಇನ್ನೊಂದರ ಜೊತೆ ಹೋಲಿಸಲಿಕ್ಕೆ. ಪರದೆಗೆ ಬೇರೆ ದಾರಿ ಇದೆ: ಮೇಜಿನ ಮೇಲೆ ಮಾಡಿದ್ದನ್ನೇ ಪರದೆಯ ಮೇಲೂ ಮಾಡಿ. 2.5ಕ್ಕೆ 20 ಸೆಂಟಿಮೀಟರಿನ ಪಟ್ಟಿ ಬಿಡಿಸಿ. ಮೇಜಿನ ಮೇಲೆ 6 ಸೆಂಟಿಮೀಟರ್ ಬಂದಿದ್ದರೆ, ಮೊದಲ 14 ಸೆಂಟಿಮೀಟರನ್ನು ಅಲ್ಲಾಡದಂತೆ ಪಿನ್ ಮಾಡಿ, ಉಳಿದ 6 ಸೆಂಟಿಮೀಟರ್ ಗಾಳಿಯಲ್ಲಿ ಬಿಡಿ. ಸಿಮ್ಯುಲೇಶನ್ ಓಡಿಸಿ, ಅಲ್ಲಾಟ ಪೂರ್ತಿ ನಿಲ್ಲಲಿ. ಪಕ್ಕದಿಂದ ನೋಡಿ: ತುದಿ ಅಂಚಿನಿಂದ ಎಷ್ಟು ಅಡ್ಡಕ್ಕಿದೆ, ಎಷ್ಟು ಕೆಳಗಿದೆ? ಕೆಳಗಿನದನ್ನು ಅಡ್ಡದಿಂದ ಭಾಗಿಸಿದರೆ 0.885 ಬರಬೇಕು. ಹೆಚ್ಚು ಬಂದರೆ ಬಟ್ಟೆ ಜಾಸ್ತಿ ಇಳಿದಿದೆ, ಬೆಂಡಿಂಗ್ ಏರಿಸಿ. ಕಡಿಮೆ ಬಂದರೆ ಇಳಿಸಿ. ಒಮ್ಮೆ ಇಮ್ಮಡಿ ಮಾಡಿ, ಒಮ್ಮೆ ಅರ್ಧ ಮಾಡಿ, ಐದಾರು ಸಲದಲ್ಲಿ ಸಿಗುತ್ತದೆ. ಕ್ಲೋದಲ್ಲಿ ಹಾಸಿಗೆ, ಹೊಕ್ಕಿಗೆ, ಓರೆಗೆ ಬೇರೆ ಬೇರೆ ಬೆಂಡಿಂಗ್ ಇದೆ, ಮೂರೂ ದಿಕ್ಕಿಗೆ ಪಟ್ಟಿ ಇಳಿಬಿಡಿ.

ಎರಡು ಎಚ್ಚರಿಕೆ. ಪಟ್ಟಿಗೂ ಪ್ಯಾಂಟಿಗೂ ಬಲೆಯ ಕಣ್ಣು ಒಂದೇ ಅಳತೆಯದಿರಲಿ. ಪಟ್ಟಿಯನ್ನು 5 ಮಿಲಿಮೀಟರ್ ಬಲೆಯಲ್ಲಿ ಹೊಂದಿಸಿ ಪ್ಯಾಂಟನ್ನು 20 ಮಿಲಿಮೀಟರ್ ಬಲೆಯಲ್ಲಿ ಓಡಿಸಿದರೆ ಹೊಂದಿಸಿದ್ದು ನೀರಿಗೆ ಹೋಯಿತು. ಬ್ಲೆಂಡರಿನಲ್ಲಂತೂ ತೂಕವನ್ನು ಕೊಡುವುದು ಒಂದೊಂದು ಚುಕ್ಕೆಗೆ. ಬಲೆ ಸಣ್ಣ ಮಾಡಿದಿರಿ, ಚುಕ್ಕೆ ಹೆಚ್ಚಾದವು, ಬಟ್ಟೆಯ ಭಾರವೂ ಹೆಚ್ಚಾಯಿತು. ಮಡಿಕೆಯ ಗಾತ್ರ ನಿಂತಿರುವುದು ಬಿಗಿ ಮತ್ತು ಭಾರದ ನಡುವಿನ ಜಗ್ಗಾಟದ ಮೇಲೆ, ಆದ್ದರಿಂದ ಭಾರದ ಅಂಕಿ ಒಮ್ಮೆ ಇಟ್ಟ ಮೇಲೆ ಮುಟ್ಟಬೇಡಿ, ಬೆಂಡಿಂಗನ್ನು ಮಾತ್ರ ತಿರುಗಿಸಿ. ಎರಡನೆಯದು ಗಾತ್ರ. ಸೆಂಟಿಮೀಟರನ್ನು ಮೀಟರ್ ಎಂದು ಓದಿಸಿದರೆ ನಿಮ್ಮ ಪ್ಯಾಂಟು ನೂರು ಪಟ್ಟು ಎತ್ತರದ ಡೇರೆ ಆಗುತ್ತದೆ, ಎಂಥ ಡೆನಿಮ್ ಆದರೂ ತೆಳು ಸೀರೆಯ ಹಾಗೆ ಜೋತುಬೀಳುತ್ತದೆ. ಪಟ್ಟಿಯ ಉದ್ದ 0.2 ಮೀಟರ್ ಎಂದೇ ತೋರಿಸುತ್ತಿದೆಯಾ, ನೋಡಿಕೊಳ್ಳಿ.

ವೇಳೆ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ. ಮೊಣಕಾಲ ಹಿಂದೆ ಸಣ್ಣ ಸುಕ್ಕು ಬರುತ್ತಿಲ್ಲ ಎನ್ನುವವರು ಬಲೆ ನೋಡಿ. ಒಂದು ಸುಕ್ಕು ಮೂಡಲು ಅದರ ಅಗಲದಲ್ಲಿ ನಾಲ್ಕೈದು ಚುಕ್ಕೆಗಳಾದರೂ ಬೇಕು. ಕ್ಲೋದಲ್ಲಿ ಬಲೆಯ ಕಣ್ಣು ಮೊದಲಿಗೆ 20 ಮಿಲಿಮೀಟರ್ ಇರುತ್ತದೆ, ಪ್ಯಾಂಟಿನ ಫಿಟ್ಟಿಂಗ್ ಸರಿಮಾಡುವಾಗ ಅದೇ ಇರಲಿ, ಕೊನೆಯ ಓಟಕ್ಕೆ 5ಕ್ಕೆ ಇಳಿಸಿ. ಚುಕ್ಕೆಗಳು 16 ಪಟ್ಟಾಗುತ್ತವೆ, ಮಿಷನ್ ನಿಧಾನವಾಗುತ್ತದೆ. ಕರೆಂಟ್ ಹೋಗುವ ಊರು ನಮ್ಮದು, ಮೊದಲು ಸೇವ್ ಮಾಡಿ. ಬಟ್ಟೆ ನಡುಗುತ್ತಿದ್ದರೆ ಬೆಂಡಿಂಗ್ ತಪ್ಪಲ್ಲ, ಬ್ಲೆಂಡರಿನ ಕ್ವಾಲಿಟಿ ಸ್ಟೆಪ್ಸ್, ಅಂದರೆ ಒಂದೊಂದು ಚಿತ್ರಕ್ಕೆ ಎಷ್ಟು ಸಲ ಲೆಕ್ಕ ಹಾಕಬೇಕು ಎಂಬುದು, 5 ಇರುವುದನ್ನು 12ಕ್ಕೆ ಏರಿಸಿ. ಬಟ್ಟೆ ರಬ್ಬರಿನಂತೆ ಜಗ್ಗುತ್ತಿದ್ದರೆ ಅದು ಎಳೆತದ ಸ್ಪ್ರಿಂಗಿನ ತಪ್ಪು, ಅದಕ್ಕೆ ಬೆಂಡಿಂಗ್ ಏರಿಸುವುದು ತಲೆನೋವಿಗೆ ಕಾಲಿಗೆ ಮುಲಾಮು ಹಚ್ಚಿದ ಹಾಗೆ. ಹಾಸಿನ ದಿಕ್ಕು ತೋರಿಸುವ ಪ್ಯಾಟರ್ನಿನ ಗ್ರೇನ್ ಗೆರೆ ಕಾಲಿನ ಉದ್ದಕ್ಕೇ ಇರಲಿ. ಅಡ್ಡ ತಿರುಗಿದ್ದರೆ ಹಾಸಿನ ಅಂಕಿ ಹೊಕ್ಕಿಗೆ ಹೋಗುತ್ತದೆ.

ಇನ್ನು ಹೊಲಿಗೆ. ಒಳಕಾಲಿನ ಮಡಿಕೆ ಹೊಲಿಗೆಯಲ್ಲಿ ಬಟ್ಟೆ ನಾಲ್ಕು ಪದರ, ಕಾಲ ಬುಡದಲ್ಲಿ ಮೂರು. ಎರಡು ಪದರ ಬಿಡಿಬಿಡಿಯಾಗಿದ್ದರೆ ಬಿಗಿ ಎರಡು ಪಟ್ಟು, ಒಂದಕ್ಕೊಂದು ಗಟ್ಟಿಯಾಗಿ ಅಂಟಿದರೆ ಎಂಟು ಪಟ್ಟು. ಹೊಲಿದ ಬಟ್ಟೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಎಲ್ಲಿ ಎಂದು ಪುಸ್ತಕದಲ್ಲಿ ಹುಡುಕಬೇಡಿ. ಹೊಲಿಗೆ ಉದ್ದಕ್ಕೆ ಬರುವಂತೆ ಒಂದು ಪಟ್ಟಿ ಕತ್ತರಿಸಿ, ಅದೇ ಇಳಿಜಾರಿನ ಮೇಲೆ ತಳ್ಳಿ. ಫ್ಯೂಸಿಂಗ್, ಅಂದರೆ ಒಳಗೆ ಅಂಟಿಸುವ ಗಡಸು ಬಟ್ಟೆ, ಹಾಕಿದ ಸೊಂಟದ ಬೆಲ್ಟಿಗೂ ಹಾಗೆಯೇ ಒಂದು ಪಟ್ಟಿ. ಬಂದ ಅಂಕಿಗಳನ್ನು ಥಾನಿನ ಚೀಟಿಯ ಮೇಲೆ ಬರೆದಿಡಿ: ತೂಕ, ಹಾಸು, ಹೊಕ್ಕು, ಹೊಲಿಗೆ, ವಾಷಿಂಗ್ ಆದ ದಿನ. ಮುಂದಿನ ಸಲ ಅದೇ ಬಟ್ಟೆ ಬಂದಾಗ ಒಂದೇ ಒಂದು ಪಟ್ಟಿ ತಳ್ಳಿ ನೋಡಿದರೆ ಸಾಕು, ಬದಲಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಫ್ಯಾನ್ ಆರಿಸುವುದನ್ನು ಮಾತ್ರ ಮರೆಯಬೇಡಿ. ನಮಸ್ಕಾರ.