ಕೋಚ್ ಆಗಬೇಕೇ? ಮೊದಲು ನೋಡಲು ಕಲಿಯಿರಿ

ಕೇಳುಗರಿಗೆ ನಮಸ್ಕಾರ. ಕಾಲೇಜಿನಲ್ಲಿ ಓಟ, ಜಿಗಿತ, ಎಸೆತ ಕಲಿಸುವ ಕೋಚ್ ಆಗಬೇಕು ಅಂತ ಆಸೆಪಟ್ಟ ಹುಡುಗ ಹುಡುಗಿಯರು ಈಗ ರೇಡಿಯೊ ಹತ್ತಿರ ಕೂತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ನನ್ನ ಹತ್ತಿರ ಬರುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. "ಸರ್, ಯಾವ ಸರ್ಟಿಫಿಕೇಟ್ ಮಾಡಬೇಕು?" ಮಾಡಿ, ಖಂಡಿತ ಮಾಡಿ. ಆದರೆ ಅದು ಎರಡನೆಯ ಮಾತು. ಮೊದಲು ನೋಡಲು ಕಲಿಯಿರಿ.

ಈ ಕೆಲಸಕ್ಕೆ ಬರುವವರಲ್ಲಿ ಹೆಚ್ಚಿನವರು ಸ್ವತಃ ಓಡಿ, ಜಿಗಿದು ಬಂದವರು. ಓದು ಮುಗಿದ ಮೇಲೆ ಸಹಾಯಕರಾಗಿ ಸೇರುತ್ತಾರೆ. ಸಂಬಳ ಕಡಿಮೆ, ಎಷ್ಟೋ ಕಡೆ ಇಲ್ಲವೇ ಇಲ್ಲ. ಹರ್ಡಲ್ಸ್ ಜೋಡಿಸಬೇಕು, ಟೇಪ್ ಹಿಡಿಯಬೇಕು, ಸ್ಟಾಪ್‌ವಾಚ್ ಒತ್ತಬೇಕು. ದಯವಿಟ್ಟು ಮುಖ ಸಿಂಡರಿಸಬೇಡಿ. 400 ಮೀಟರ್ ಹರ್ಡಲ್ಸ್‌ನಲ್ಲಿ ಒಂದು ಹರ್ಡಲ್‌ನಿಂದ ಇನ್ನೊಂದಕ್ಕೆ 35 ಮೀಟರ್. ಅಲ್ಲೇ ನಿಂತು ಹೆಜ್ಜೆ ಎಣಿಸಿ. ಶುರುವಿನಲ್ಲಿ 15 ಹೆಜ್ಜೆ ಹಾಕುತ್ತಿದ್ದ ಹುಡುಗಿ ಏಳನೇ ಹರ್ಡಲ್ ಹೊತ್ತಿಗೆ 17 ಹಾಕುತ್ತಿದ್ದಾಳೆ ಅನ್ನಿ. ಎಲ್ಲಿ ದಣಿದಳು ಅಂತ ನಿಮಗೆ ಗೊತ್ತಾಯಿತು, ಅಲ್ವಾ? ಸ್ಟಾಪ್‌ವಾಚ್ ಇದನ್ನು ಹೇಳುವುದಿಲ್ಲ.

ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬರ್ನಿ ವ್ಯಾಗ್ನರ್ ಅಂತ ಕೋಚ್ ಇದ್ದರು. ಅವರ ಕೈಗೆ ಡಿಕ್ ಫಾಸ್ಬರಿ ಅನ್ನುವ ಎತ್ತರ ಜಿಗಿತದ ಹುಡುಗ ಸಿಕ್ಕಿದ. ಆ ಕಾಲದ ಒಳ್ಳೆಯ ಜಿಗಿತಗಾರರು ಹೊಟ್ಟೆ ಕೆಳಗೆ ಮಾಡಿ ಬಾರ್ ದಾಟುತ್ತಿದ್ದರು. ಈ ಹುಡುಗ ಬಾಗಿದ ದಾರಿಯಲ್ಲಿ ಓಡಿ ಬರುತ್ತಿದ್ದ. ಬಾರ್‌ಗೆ ಬೆನ್ನು ಕೊಟ್ಟು, ಮೊದಲು ತಲೆ ದಾಟಿಸಿ, ಬೆನ್ನ ಮೇಲೇ ಬೀಳುತ್ತಿದ್ದ! ಶಾಲೆಯಲ್ಲಿದ್ದಾಗಲೇ ತಾನಾಗಿ ಕಂಡುಕೊಂಡ ರೀತಿ. ವ್ಯಾಗ್ನರ್‌ಗೆ ಒಪ್ಪಿಗೆಯಾಗಲಿಲ್ಲ. ಹಳೆಯ ರೀತಿಯನ್ನೇ ಅಭ್ಯಾಸ ಮಾಡು ಅಂತ ಹೇಳುತ್ತಲೇ ಇದ್ದರು. ಹುಡುಗ ಎರಡನೇ ವರ್ಷದಲ್ಲಿ 2.08 ಮೀಟರ್ ದಾಟಿ ಕಾಲೇಜಿನ ದಾಖಲೆ ಮುರಿದ. ಆಗ ವ್ಯಾಗ್ನರ್ ಹಠ ಬಿಟ್ಟರು. ಅವನ ಜಿಗಿತವನ್ನು ಫಿಲ್ಮ್‌ನಲ್ಲಿ ತೆಗೆದು, ಕೂತು ನೋಡಿದರು. ಬೆನ್ನು ಬಿಲ್ಲಿನ ಹಾಗೆ ಬಾಗಿದರೆ ಮೈ ಬಾರ್‌ನ ಮೇಲೆ ದಾಟುತ್ತದೆ, ಮೈಯ ಗುರುತ್ವ ಕೇಂದ್ರ, ಅಂದರೆ ಮೈಯ ತೂಕವೆಲ್ಲ ಸಮತೂಗುವ ಬಿಂದು, ಬಾರ್‌ನ ಕೆಳಗೇ ಹಾದುಹೋಗಬಲ್ಲದು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಫಾಸ್ಬರಿ 2.24 ಮೀಟರ್ ಜಿಗಿದ. ಚಿನ್ನವೂ ಬಂತು, ಒಲಿಂಪಿಕ್ ದಾಖಲೆಯೂ ಆಯಿತು. ಇವತ್ತು ದೊಡ್ಡ ಸ್ಪರ್ಧೆಗಳಲ್ಲಿ ಎಲ್ಲರೂ ಜಿಗಿಯುವುದು ಹಾಗೇ.

ಎಲ್ಲರೂ ಫಾಸ್ಬರಿಯನ್ನು ಹೊಗಳುತ್ತಾರೆ. ನನಗೆ ವ್ಯಾಗ್ನರ್ ಮೇಲೆ ಇನ್ನೂ ಜಾಸ್ತಿ ಗೌರವ. ತಾನು ಕಲಿತದ್ದನ್ನು ಬದಿಗಿಟ್ಟು ಕಣ್ಣೆದುರು ಇದ್ದದ್ದನ್ನು ನಂಬುವುದು ಸಣ್ಣ ಮಾತಲ್ಲ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಸಹಾಯಕ ಕೋಚ್ ಆದ ಮೇಲೆ ಒಂದು ಗುಂಪು ನಿಮ್ಮದಾಗುತ್ತದೆ. ಸ್ಪ್ರಿಂಟ್, ಜಿಗಿತ, ಎಸೆತ, ಹೀಗೆ ಯಾವುದಾದರೂ ಒಂದು. ಕೆಲವು ವರ್ಷಗಳ ನಂತರ ಮುಖ್ಯ ಕೋಚ್. ಆಗ ಹೊಸ ಹುಡುಗರನ್ನು ಆರಿಸುವುದು, ಬಜೆಟ್, ಪ್ರಯಾಣ, ಸ್ಪರ್ಧೆಗೆ ಹೆಸರು ಕೊಡುವುದು, ಹುಡುಗರ ಓದಿನ ಚಿಂತೆ, ಎಲ್ಲವೂ ನಿಮ್ಮ ಮೇಜಿಗೆ ಬರುತ್ತದೆ. ಅನೇಕರು ಕುರ್ಚಿಗೆ ಅಂಟಿಕೊಳ್ಳುವುದು ಇಲ್ಲೇ. ಬೇಡ, ಮೈದಾನಕ್ಕೆ ಬನ್ನಿ. ಆರೆಗಾನ್ ವಿಶ್ವವಿದ್ಯಾಲಯದ ಬಿಲ್ ಬವರ್‌ಮನ್ ಒಂದು ದಿನ ಕಠಿಣ ಅಭ್ಯಾಸ ಮಾಡಿಸಿದರೆ ಮರುದಿನ ಹಗುರ ಅಭ್ಯಾಸ ಕೊಡುತ್ತಿದ್ದರು. ಯಾರು ಎಷ್ಟು ದಣಿದಿದ್ದಾರೆ ಅಂತ ನೋಡದ ಕೋಚ್‌ಗೆ ಇದು ಹೊಳೆಯುತ್ತದೆಯೇ?

ನಾಳೆ ಬೆಳಿಗ್ಗೆ ಮೈದಾನದಲ್ಲಿ ಒಬ್ಬ ಓಟಗಾರನನ್ನು ಆರಿಸಿಕೊಳ್ಳಿ. ಅವನ ಎಡಗಾಲು, ಬಲಗಾಲು ನೆಲಕ್ಕೆ ಬೀಳುವ ಸದ್ದು ಒಂದೇ ಸಮ ಇದೆಯೇ ಅಂತ ಒಂದು ಸುತ್ತು ಕೇಳಿಸಿಕೊಳ್ಳಿ. ಕೇಳಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ನಮಸ್ಕಾರ.