ರಜೆಯ ಮಧ್ಯಾಹ್ನಕ್ಕೊಂದು ಕಾದಂಬರಿ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಎರಡನೇ ವಾರಕ್ಕೆ ಶಾಲೆಗೆ ಬೀಗ ಬಿದ್ದರೆ ಮತ್ತೆ ಬಾಗಿಲು ತೆರೆಯುವುದು ಮೇ ಕೊನೆಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿದ ಮಕ್ಕಳಿಗಂತೂ ಕಾಲೇಜು ಶುರುವಾಗುವವರೆಗೆ ಇನ್ನೂ ಉದ್ದದ ಬಿಡುವು. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ದಿನಗಳಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಬಿಸಿಲಿಗೆ ಹೆದರಿ ಊರೇ ಒಳಗೆ ಕೂತಿರುತ್ತದೆ. ಆ 4 ಗಂಟೆಯಲ್ಲಿ ಮುಕ್ಕಾಲು ಗಂಟೆಯನ್ನು 13ರಿಂದ 17 ವರ್ಷದ ಹುಡುಗ ಹುಡುಗಿಯರು ಒಂದು ಕಾದಂಬರಿಗೆ ಕೊಡುವಂತೆ ಮಾಡುವುದು ಹೇಗೆ ಎಂಬುದು ಇವತ್ತಿನ ಮಾತು.

ಈ ವಯಸ್ಸನ್ನೇ ಹಿಡಿದು ಮಾತಾಡುವುದಕ್ಕೆ ಕಾರಣವಿದೆ. ಐದನೇ ತರಗತಿಯವರೆಗೆ ಮಕ್ಕಳು ಕಥೆ ಪುಸ್ತಕ ಓದುತ್ತಾರೆ. ಚಿತ್ರ ಇರುತ್ತದೆ, ಅಕ್ಷರ ದಪ್ಪ, 16 ಪುಟಕ್ಕೆ ಕಥೆ ಮುಗಿಯುತ್ತದೆ. ಏಳನೇ ತರಗತಿ ದಾಟಿದ ಮೇಲೆ ಆ ಪುಸ್ತಕ ಕೊಟ್ಟರೆ "ಇದು ಚಿಕ್ಕ ಮಕ್ಕಳದು" ಅಂತ ಪಕ್ಕಕ್ಕಿಡುತ್ತಾರೆ. ಆಗ ಮನೆಯವರು ಕಪಾಟಿನಿಂದ 600 ಪುಟದ ದೊಡ್ಡವರ ಕಾದಂಬರಿ ಇಳಿಸಿಕೊಡುತ್ತಾರೆ. ಅದು 20 ಪುಟಕ್ಕೆ ನಿಲ್ಲುತ್ತದೆ. ಮಗು ಓದುವುದಿಲ್ಲ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ತಪ್ಪು ಮಗುವಿನದಲ್ಲ, ಮಧ್ಯದ ಮೆಟ್ಟಿಲು ಹಾಕದೆ ಅಟ್ಟ ಹತ್ತು ಅಂದದ್ದು ನಮ್ಮದು. ಆ ಮೆಟ್ಟಿಲೇ ಹದಿಹರೆಯದವರ ಕಾದಂಬರಿ.

ಹಾಗೆಂದರೆ ಏನು? ಕಥೆಯ ನಡುವೆ ಅದೇ ವಯಸ್ಸಿನ ಒಬ್ಬ ಹುಡುಗ ಅಥವಾ ಹುಡುಗಿ ಇರಬೇಕು. ಸಂಕಟ ಬಂದಾಗ ಏನು ಮಾಡಬೇಕೆಂದು ತೀರ್ಮಾನಿಸುವುದು ಆ ಮಗುವೇ ಆಗಿರಬೇಕು, ಅಪ್ಪನೋ ಮೇಷ್ಟ್ರೋ ಬಂದು ಬಿಡಿಸಿಬಿಡಬಾರದು. ಕಥೆಗಿಂತ ನೀತಿ ಮುಂದೆ ಓಡಬಾರದು. ಇಂಗ್ಲಿಷಿನಲ್ಲಿ ಈ ಬಗೆಗೆ ದಾರಿ ಮಾಡಿದ ಪುಸ್ತಕಗಳಲ್ಲಿ ಒಂದು 1967ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಅದನ್ನು ಬರೆಯಲು ಶುರುಮಾಡಿದಾಗ ಲೇಖಕಿ ಎಸ್. ಇ. ಹಿಂಟನ್ ಇನ್ನೂ ಹೈಸ್ಕೂಲಿನ ಹುಡುಗಿ. ತನ್ನ ವಯಸ್ಸಿನವರ ಬದುಕು ಇದ್ದ ಹಾಗೇ ಇರುವ ಪುಸ್ತಕ ಸಿಗದೆ ತಾನೇ ಬರೆದಳು. ಕನ್ನಡದಲ್ಲಿ ಇಂಥ ಪುಸ್ತಕ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕನ್ನಡಕ್ಕೆ 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' ಪುಸ್ತಕಗಳಿಗೆ ಬಂತು. ಮೂರೂ ಕಾದಂಬರಿಗಳು. ಗ್ರಂಥಾಲಯದಲ್ಲಿ ಈ ಹೆಸರು ಹೇಳಿ ಕೇಳಿ. ಸ್ವಲ್ಪ ಪಳಗಿದ ಓದುಗರಿಗೆ, ಒಂಬತ್ತನೇ ತರಗತಿ ಮೇಲಿನವರಿಗೆ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಸರಿಹೋಗುತ್ತದೆ. 1980ರ ಪುಸ್ತಕ. ಮಕ್ಕಳಿಗೆಂದು ಬರೆದದ್ದಲ್ಲ. ಆದರೂ ಜೇನಿನ ಮಾತಿನಿಂದ ಹೊರಟು ಹಾರುವ ಓತಿಯ ಹುಡುಕಾಟಕ್ಕೆ ಕರೆದೊಯ್ಯುವ ಆ ಓಟ ಹದಿನೈದರ ಮನಸ್ಸನ್ನು ಹಿಡಿಯುತ್ತದೆ, ಪುಟವೂ ಹೆಚ್ಚಿಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ? ಜಿಲ್ಲಾ ಕೇಂದ್ರಗಳಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ. ಹಳ್ಳಿಯವರಿಗೆ ಪಂಚಾಯಿತಿ ಗ್ರಂಥಾಲಯ, ಈಗ ಅದಕ್ಕೆ ಅರಿವು ಕೇಂದ್ರ ಎಂಬ ಹೆಸರು. 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಹೋಗುವ ಮುಂಚೆ ಬಾಗಿಲು ತೆರೆಯುವ ಹೊತ್ತು ವಿಚಾರಿಸಿಕೊಳ್ಳಿ. ಬಿಸಿಲಲ್ಲಿ ಎರಡು ಮೈಲಿ ನಡೆದು ಬೀಗ ನೋಡಿ ಬಂದ ಮಗು ಎರಡನೇ ಸಲ ಹೊರಡುವುದು ಕಷ್ಟ. ಅಲ್ಲಿ ಮಕ್ಕಳ ಕಪಾಟಿನಲ್ಲಿ ಮಾತ್ರ ಹುಡುಕಬೇಡಿ. ಈ ಬಗೆಯ ಕಾದಂಬರಿಗಳನ್ನು ಒಮ್ಮೊಮ್ಮೆ ದೊಡ್ಡವರ ಕಾದಂಬರಿಗಳ ಜೊತೆಗೇ ಸೇರಿಸಿಟ್ಟಿರುತ್ತಾರೆ, ತೆಳ್ಳಗಿರುವುದರಿಂದ ದಪ್ಪ ಪುಸ್ತಕಗಳ ಸಂದಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮೇಲ್ವಿಚಾರಕರನ್ನು ಕೇಳಿ: "13 ವರ್ಷದ ಮಗು, 100ರಿಂದ 150 ಪುಟದ ಕಾದಂಬರಿ." ವಯಸ್ಸು ಮತ್ತು ಪುಟ ಎರಡನ್ನೂ ಹೇಳಿದರೆ ಹುಡುಕಿಕೊಡುವವರಿಗೂ ಸುಲಭ.

ಆಯ್ಕೆ ಮಗುವಿನ ಕೈಯಲ್ಲೇ ಆಗಲಿ. ಮಗುವನ್ನು ಮನೆಯಲ್ಲಿ ಬಿಟ್ಟು ದೊಡ್ಡವರೇ ಹೋಗಿ ಪುಸ್ತಕ ತಂದರೆ ಅದು ಮನೆಗೆಲಸದ ಪಟ್ಟಿಗೆ ಸೇರಿಬಿಡುತ್ತದೆ. ಪುಸ್ತಕ ತಕ್ಕದ್ದೋ ಅಲ್ಲವೋ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಮೊದಲ ಪುಟ ಬೇಡ, ಅದನ್ನು ಎಲ್ಲ ಲೇಖಕರೂ ಕಷ್ಟಪಟ್ಟು ತಿದ್ದಿರುತ್ತಾರೆ. ನಡುವಿನ ಒಂದು ಪುಟ ತೆಗೆದು ಓದಲಿ. ಅರ್ಥವಾಗದ ಪದ ಬಂದಾಗೆಲ್ಲ ಒಂದು ಬೆರಳು ಮಡಚಲಿ. ಪುಟ ಮುಗಿಯುವಷ್ಟರಲ್ಲಿ ಐದೂ ಬೆರಳು ಮಡಚಿದರೆ ಆ ಪುಸ್ತಕಕ್ಕೆ ಇನ್ನೂ ಒಂದು ವರ್ಷ ಬೇಕು. ಎರಡು ಮೂರು ಬೆರಳಾದರೆ ಹದ. ಒಂದೂ ಮಡಚದಿದ್ದರೂ ಬೇಡ ಅನ್ನಬೇಕಿಲ್ಲ, ಮೊದಲ ಪುಸ್ತಕ ಸಲೀಸಾಗಿ ಮುಗಿದರೆ ಎರಡನೆಯದಕ್ಕೆ ಧೈರ್ಯ ಬರುತ್ತದೆ.

ಈಗ ಲೆಕ್ಕ. ಮಗುವಿನ ವೇಗ ಊಹಿಸುವುದು ಬೇಡ, ಅಳೆಯಿರಿ. ಗಡಿಯಾರ ಇಟ್ಟು 10 ನಿಮಿಷ ಓದಲಿ, ಮನಸ್ಸಿನಲ್ಲಿ, ತನ್ನ ಪಾಡಿಗೆ. 4 ಪುಟ ಆಯಿತು ಅನ್ನೋಣ. ಹಾಗಾದರೆ 40 ನಿಮಿಷಕ್ಕೆ 16 ಪುಟ, 160 ಪುಟದ ಕಾದಂಬರಿಗೆ 10 ದಿನ. ರಜೆ 45 ದಿನ ಇದ್ದರೂ ಜಾತ್ರೆ, ಮದುವೆ, ಅಜ್ಜಿ ಊರು ಎಲ್ಲ ಕಳೆದು 30 ದಿನ ಉಳಿದರೆ ಮೂರು ಕಾದಂಬರಿ. ಮೂರೇ. ರಜೆಗೆ ಹತ್ತು ಪುಸ್ತಕ ಎಂದು ಗೋಡೆಗೆ ಪಟ್ಟಿ ಅಂಟಿಸಿದರೆ ಎರಡನೇ ವಾರಕ್ಕೆ ಹಿಂದೆ ಬಿದ್ದದ್ದು ಗೊತ್ತಾಗುತ್ತದೆ, ಮೂರನೇ ವಾರಕ್ಕೆ ಪಟ್ಟಿಯ ಮುಖ ನೋಡುವುದಿಲ್ಲ.

ಓದುವ ಹೊತ್ತನ್ನು ಮನೆಯ ಕೆಲಸದ ಜೊತೆ ಹೊಂದಿಸಬೇಕಾಗುತ್ತದೆ, ನಮ್ಮ ಕಡೆ ರಜೆಯಲ್ಲಿ ಮಕ್ಕಳ ಕೈಗೂ ಕೆಲಸ ಬರುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಮನೆಗಳನ್ನೇ ತೆಗೆದುಕೊಳ್ಳಿ. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡುವವರೆಗೆ ಒಂದು ವಾರ ಮನೆಮಂದಿಗೆಲ್ಲ ಸೊಪ್ಪು ತರುವುದು, ಹಾಕುವುದು, ಇಷ್ಟೇ. ಆ ವಾರ ಓದು ಅನ್ನಬೇಡಿ. ಅದರ ಬದಲು ಹುಳು ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವಂತಿಲ್ಲವಲ್ಲ, ಆ ದಿನ ಪೂರ್ತಿ ಪುಸ್ತಕಕ್ಕೆ. ಹೊಸ ಕಾದಂಬರಿ ಶುರುಮಾಡಲು ಅದಕ್ಕಿಂತ ಒಳ್ಳೆಯ ದಿನವಿಲ್ಲ. ಶ್ರೀನಿವಾಸಪುರದಲ್ಲಿ ಮಾವು ಇಳಿಸುವ ಕೆಲಸ ಮೇ ನಡುವಿನಿಂದ ಬಿರುಸಾಗುತ್ತದೆ, ಹಾಗಾಗಿ ಅಲ್ಲಿನ ಮಕ್ಕಳು ಏಪ್ರಿಲ್‌ನಲ್ಲೇ ಎರಡು ಪುಸ್ತಕ ಮುಗಿಸಿಕೊಳ್ಳಲಿ. ತುಮಕೂರು ಕಡೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಲು ನಾಲ್ಕು ಜನ ಜಗುಲಿಯಲ್ಲಿ ಕೂತಾಗ ಒಬ್ಬರು ಗಟ್ಟಿಯಾಗಿ ಓದಬಹುದು, ಮೂವರು ಕೇಳುತ್ತ ಕೆಲಸ ಮಾಡಬಹುದು. ಗಂಟೆಗೊಮ್ಮೆ ಓದುವವರು ಬದಲಾಗಲಿ, ಹುಣಸೆ ಅಂಟಿದ ಕೈ ತೊಳೆದು ಒರೆಸಿಕೊಂಡ ಮೇಲೆ.

ಎಲ್ಲಕ್ಕಿಂತ ಹೆಚ್ಚು ಓದುಗರು ಕಳೆದುಹೋಗುವುದು ಮೊದಲ 25 ಪುಟಗಳಲ್ಲಿ. ಅಲ್ಲಿ ಹೆಸರುಗಳು ಒಟ್ಟಿಗೆ ಬರುತ್ತವೆ, ಊರು ಹೊಸದು, ಯಾರು ಯಾರ ಮಗ ಎಂಬುದೇ ತಿಳಿಯದು. ಅದಕ್ಕೆ ಮೂರು ಉಪಾಯ. ಮೊದಲ ದಿನ 10 ಪುಟಕ್ಕೆ ನಿಲ್ಲಿಸಬಾರದು, ಒಂದೂವರೆ ಗಂಟೆ ಬೇಕಾದರೂ ಒಂದೇ ಕೂತಲ್ಲಿ 25 ದಾಟಿಸಬೇಕು. ಪುಟ ಗುರುತಿಗೆ ಇಡುವ ಚೀಟಿಯ ಮೇಲೆಯೇ ಪಾತ್ರಗಳ ಹೆಸರು, ಎದುರಿಗೆ ಎರಡು ಪದ ಬರೆದುಕೊಳ್ಳಲಿ: "ಸೀನ, ಅಂಗಡಿಯವನು" ಎಂಬ ಹಾಗೆ. ಆರೇಳು ಹೆಸರು ಸಾಕು. ಮತ್ತೆ, ಓದು ನಿಲ್ಲಿಸುವುದು ಅಧ್ಯಾಯದ ಕೊನೆಗಲ್ಲ. ಅಧ್ಯಾಯ ಮುಗಿದರೆ ಮನಸ್ಸಿಗೂ ಮುಗಿಯಿತು ಅನಿಸುತ್ತದೆ. ಮುಂದಿನ ಅಧ್ಯಾಯದ ಎರಡು ಪುಟ ಓದಿ ಮಡಚಿಟ್ಟರೆ ನಾಳೆ ಪುಸ್ತಕ ತಾನಾಗಿ ಕರೆಯುತ್ತದೆ.

50 ಪುಟ ಓದಿದ ಮೇಲೂ ಹಿಡಿಸಲಿಲ್ಲವೆಂದರೆ ಬಿಟ್ಟುಬಿಡಲಿ. ಹಣ ಕೊಟ್ಟು ತಂದದ್ದು, ಪೂರ್ತಿ ಓದು ಎಂದು ಕೂರಿಸಿದರೆ ಒಂದು ಪುಸ್ತಕ ಮುಗಿಯುತ್ತದೆ, ಮುಂದಿನ ನಾಲ್ಕು ಪುಸ್ತಕಗಳ ಬಾಗಿಲು ಮುಚ್ಚುತ್ತದೆ.

ಇನ್ನು ಭಾಷೆಯ ವಿಷಯ, ನಮ್ಮ ಮೂರು ಜಿಲ್ಲೆಗಳಲ್ಲಿ ಇದು ದೊಡ್ಡದು. ಬಾಗೇಪಲ್ಲಿ, ಮುಳಬಾಗಿಲು, ಪಾವಗಡದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯದು ಕನ್ನಡ, ಈಚೆಗೆ ಪಾಠ ಇಂಗ್ಲಿಷಿನಲ್ಲಿ. ಅಂಥ ಮಗು ಕರಾವಳಿಯ ಅಥವಾ ಧಾರವಾಡ ಕಡೆಯ ಕಾದಂಬರಿ ತೆರೆದರೆ ಸಂಭಾಷಣೆ ಬಂದ ಕಡೆ ತಡವರಿಸುತ್ತದೆ. ಆ ಮಾತು ಕಣ್ಣಿಗೆ ಕಷ್ಟ, ಕಿವಿಗೆ ಸುಲಭ. "ಬರಾಕ ಹತ್ಯಾನ" ಎಂಬುದನ್ನು ನೋಡಿ ನಿಲ್ಲುವ ಮಗುವೇ ಅದನ್ನು ಗಟ್ಟಿಯಾಗಿ ಓದಿದರೆ ಬರುತ್ತಿದ್ದಾನೆ ಎಂದು ಹಿಡಿಯುತ್ತದೆ. ಅದಕ್ಕೇ ಮೊದಲ ಅಧ್ಯಾಯದ ಸಂಭಾಷಣೆಯನ್ನಷ್ಟೇ ಬಾಯಿಬಿಟ್ಟು ಓದಿಸಿ. ಒಂದೊಂದು ಪದಕ್ಕೂ ನಿಘಂಟು ತೆಗೆಯುವುದು ಬೇಡ, ಮೂರನೇ ಸಲ ಬಂದರೂ ಗೊತ್ತಾಗದ ಪದಕ್ಕೆ ಮಾತ್ರ ತೆಗೆಯಲಿ. ಮನೆಮಾತು ಬೇರೆಯಾದ್ದರಿಂದ ಕನ್ನಡ ಓದು ಒಗ್ಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇದೇ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಿಂದ ಬಂದ ಮಾಸ್ತಿಯವರ ಮನೆಮಾತು ತಮಿಳು. 1983ರ ಜ್ಞಾನಪೀಠ ಬಂದದ್ದು ಅವರ ಕನ್ನಡ ಕಾದಂಬರಿಗೆ.

ದೊಡ್ಡವರು ಮಾಡುವ ಒಂದು ಕೆಲಸ ಓದನ್ನು ಕೊಲ್ಲುತ್ತದೆ. ಪುಸ್ತಕ ಮುಗಿದ ಕೂಡಲೇ "ಏನು ಕಲಿತೆ? ಸಾರಾಂಶ ಬರೆದು ತೋರಿಸು" ಎನ್ನುವುದು. ಅದು ರಜೆಯೊಳಗೆ ನುಗ್ಗಿದ ಪರೀಕ್ಷೆ. ಕೇಳಲೇಬೇಕೆಂದರೆ ಊಟಕ್ಕೆ ಕೂತಾಗ ಒಂದೇ ಪ್ರಶ್ನೆ ಕೇಳಿ: "ಆ ಹುಡುಗಿ ಮನೆ ಬಿಟ್ಟು ಹೋದದ್ದು ಸರಿಯಾ?" ಉತ್ತರ ಉದ್ದವಾಗಿ ಬರುತ್ತದೆ. ಅದಕ್ಕೆ ನೀವೂ ಆ ಪುಸ್ತಕ ಓದಿರಬೇಕು. 120 ಪುಟ ಅಮ್ಮನಿಗೆ ಮೂರು ರಾತ್ರಿಯ ಓದು. ತಾತನಿಗೆ ಕನ್ನಡಕ ಸಾಲದಿದ್ದರೆ ಮೊಮ್ಮಗಳೇ ಓದಿ ಹೇಳಲಿ.

ಈ ಕಾದಂಬರಿಗಳಲ್ಲಿ ಪ್ರೀತಿ ಬರುತ್ತದೆ, ಸಾವು ಬರುತ್ತದೆ, ಕುಡಿಯುವ ಅಪ್ಪ, ಜಾತಿಯ ಅವಮಾನ, ತಿಂಗಳ ಮುಟ್ಟು ಎಲ್ಲ ಬರುತ್ತದೆ. ಕೆಲವು ತಂದೆತಾಯಿ ಹೆದರಿ ಪುಸ್ತಕ ಕಿತ್ತಿಡುತ್ತಾರೆ. ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ಈ ಸಂಗತಿಗಳು ಮಗುವಿಗೆ ಫೋನಿನಲ್ಲಿ ತುಂಡು ತುಂಡಾಗಿ, ವಿವೇಕವಿಲ್ಲದ ಬಾಯಿಂದ ಹೇಗೂ ತಲುಪುತ್ತಿವೆ. ಒಬ್ಬ ಲೇಖಕಿ ಹಿಂದುಮುಂದು ಯೋಚಿಸಿ, ಅದರ ನೋವನ್ನೂ ಸೇರಿಸಿ ಹೇಳಿದ್ದನ್ನು ಓದಲು ಬಿಡಬೇಕು. ಅನುಮಾನವಿದ್ದರೆ ಮೊದಲು ನೀವು ಓದಿ, ಆಮೇಲೆ ಕೊಡಿ. ಓದದೆ ತೀರ್ಪು ಕೊಡಬೇಡಿ.

ಫೋನಿನ ಮಾತು ಬಂತು. ಫೋನಿನಲ್ಲೇ ಕಾದಂಬರಿ ಓದಬಹುದಲ್ಲ ಎಂದು ಕೇಳುವವರಿದ್ದಾರೆ. ಓದಬಹುದು. ಆದರೆ ಅಚ್ಚಿನ ಪುಟವನ್ನು ಹಾಗೇ ಚಿತ್ರ ಮಾಡಿದ ಪ್ರತಿಯಾದರೆ ಚಿಕ್ಕ ಪರದೆಯಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ, ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ, ಪ್ರತಿ ಸಾಲಿಗೂ ಬೆರಳಾಡಿಸುತ್ತ 10 ಪುಟಕ್ಕೆ ಬೇಸರ ಬರುತ್ತದೆ. ಕಾಗದದ ಪುಸ್ತಕವಿದ್ದರೆ ಫೋನನ್ನು ಬೇರೆ ಕೋಣೆಯಲ್ಲಿಡಿ. ಒಂದೇ ಕೋಣೆಯ ಮನೆಯಾದರೆ ಅಡುಗೆಮನೆ ಗೂಡಿನಲ್ಲಿ.

ಕೇರಿಯಲ್ಲಿ ನಾಲ್ಕೈದು ಮಕ್ಕಳಿದ್ದರೆ ಒಬ್ಬೊಬ್ಬರೂ ಒಂದೊಂದು ಪುಸ್ತಕ ತಂದು, 10 ದಿನಕ್ಕೊಮ್ಮೆ ಹೊಂಗೆ ಮರದ ಕೆಳಗೆ ಅದಲು ಬದಲು ಮಾಡಿಕೊಳ್ಳಲಿ. ಒಂದು ನೋಟುಪುಸ್ತಕದಲ್ಲಿ ಯಾರ ಬಳಿ ಯಾವುದು, ಗ್ರಂಥಾಲಯಕ್ಕೆ ಯಾವತ್ತು ವಾಪಸು ಎಂದು ಬರೆದಿಡುವ ಕೆಲಸ ಒಬ್ಬರಿಗೇ ಒಪ್ಪಿಸಿ, ಇಬ್ಬರಿಗೆ ಒಪ್ಪಿಸಿದರೆ ಇಬ್ಬರೂ ಬರೆಯುವುದಿಲ್ಲ. ಪುಸ್ತಕಕ್ಕೆ ಹಳೆಯ ಪೇಪರಿನ ಹೊದಿಕೆ ಹಾಕಿ, ಅದರ ಮೇಲೆ ಹೆಸರು ಬರೆಯಿರಿ. ಓದುತ್ತ ಎದ್ದು ಹೋಗುವಾಗ ಪುಸ್ತಕವನ್ನು ಬೋರಲು ಹಾಕಬೇಡಿ, ಬೆನ್ನಿನ ಗೋಂದು ಬಿಟ್ಟು ನಡುವಿನ ಹಾಳೆಗಳು ಕಳಚುತ್ತವೆ. ಮಾವಿನಹಣ್ಣು ತಿನ್ನುತ್ತ ಓದಿದರೆ ಪುಟಕ್ಕೆ ರಸ ತಾಗುತ್ತದೆ, ಅಲ್ಲಿಗೆ ಇರುವೆ ಬರುತ್ತದೆ. ಹಣ್ಣು ಮೊದಲು, ಪುಸ್ತಕ ಆಮೇಲೆ.

ಮೇ ಕೊನೆಯ ವಾರ ಪುಸ್ತಕ ವಾಪಸು ಕೊಡಲು ಹೋದಾಗ ಬರಿಗೈಲಿ ಬರಬೇಡಿ. ಇನ್ನೊಂದು ಕಾದಂಬರಿ ತನ್ನಿ, 100 ಪುಟದೊಳಗಿನದು. ಶಾಲೆ ಶುರುವಾದ ಮೊದಲ ವಾರ ಪಾಠ ಇನ್ನೂ ಬಿರುಸಾಗಿರುವುದಿಲ್ಲ, ಅದನ್ನು ಮುಗಿಸಲು ಹೊತ್ತು ಸಿಗುತ್ತದೆ.

ನಮಸ್ಕಾರ.